ಮಿಕ್ಕಿದ ಬೋಲ್ಟು, ತುಕ್ಕು ಹಿಡಿದ ಬೋರು: ಲೇತ್ ಅಂಗಡಿ ಕಟ್ಟೆಯ ಪ್ರಶ್ನೋತ್ತರ

ಹೋದ ಸಂಚಿಕೆಯಲ್ಲಿ ‘ಮನೆಯಲ್ಲೇ ಇಂಜಿನ್ ಬಿಚ್ಚಿದವರು ಎಲ್ಲಿ ಎಡವಿದಿರಿ, ಬರೆಯಿರಿ’ ಎಂದು ಕೇಳಿದ್ದೆ. ಇಷ್ಟೊಂದು ಕಾಗದ ಬರುತ್ತವೆ ಅಂದುಕೊಂಡಿರಲಿಲ್ಲ. ಅರ್ಧಕ್ಕರ್ಧ ಜನ ‘ಹೆಸರು ಹಾಕಬೇಡಿ’ ಎಂದಿದ್ದಾರೆ. ಒಬ್ಬರು ಕಾರಣವನ್ನೂ ಕೊಟ್ಟಿದ್ದಾರೆ: ‘ನಮ್ಮ ಮನೆಯವರು ಈ ಪುಟ ಓದುತ್ತಾರೆ. ಕಾರು ನಿಂತಿರುವುದು ಬ್ಯಾಟರಿ ಹೋಗಿ ಅಂತ ಹೇಳಿದ್ದೇನೆ.’ ಹಾಗಾಗಿ ಯಾರ ಹೆಸರೂ ಇಲ್ಲ, ಊರು ಮಾತ್ರ.

ಹೊಸ ಓದುಗರಿಗೆ ನನ್ನ ಪರಿಚಯ. ಹಾಸನದ ಬಿ.ಎಂ. ರಸ್ತೆಯಿಂದ ಸ್ವಲ್ಪ ಒಳಗೆ 31 ವರ್ಷ ಲೇತ್ ಮತ್ತು ಬೋರಿಂಗ್ ಅಂಗಡಿ ಇಟ್ಟಿದ್ದೆ. ಈಗ ತಮ್ಮನ ಮಗ ನೋಡಿಕೊಳ್ಳುತ್ತಾನೆ, ನಾನು ಕಟ್ಟೆ ಮೇಲೆ ಕೂತು ಮಾತಾಡುತ್ತೇನೆ. ಇಂಜಿನ್ನಿನಲ್ಲಿ ಯಾರು ಏನೇ ಮುರಿದುಕೊಂಡರೂ ಅದು ಕೊನೆಗೆ ಬರುವುದು ಲೇತ್ ಅಂಗಡಿಗೇ. ಸ್ಟಡ್ (ತಲೆಯಿಲ್ಲದ ಬೋಲ್ಟು) ಮುರಿದು ಹಾಗೇ ತಂದರೆ ನಮಗೆ ಅರ್ಧ ಗಂಟೆ ಕೆಲಸ. ಮುರಿದ ಸ್ಟಡ್ಡಿನೊಳಗೆ ಮುರಿದ ಡ್ರಿಲ್ ಬಿಟ್ಟು, ಅದರ ಮೇಲೆ ಸ್ಟಡ್ ಕೀಳುವ ಎಕ್ಸ್‌ಟ್ರಾಕ್ಟರನ್ನೂ ಮುರಿದು ಸೇರಿಸಿ ತಂದರೆ ಅರ್ಧ ದಿನ. ಮೊದಲನೆಯದು ತಪ್ಪು. ಆಮೇಲಿನ ಎರಡು ಆತುರ. ನನ್ನ ಲೆಕ್ಕದಲ್ಲಿ ಜನ ದುಡ್ಡು ಕಳೆದುಕೊಂಡಿದ್ದೆಲ್ಲ ಆ ಎರಡನೇ ಬಾಬ್ತಿಗೇ. ಈ ಸಲದ ಕಾಗದಗಳಲ್ಲೂ ಅದೇ ಕಥೆ ಜಾಸ್ತಿ.

ಪ್ರಶ್ನೆ: ನಮ್ಮದು 1998ರ ಮಾರುತಿ 800. ಸಿಲಿಂಡರಿನ ತೂತು, ಅಂದರೆ ಬೋರು, ಸವೆದು ಇಂಜಿನ್ ಬೋರಿಗೆ ಬಂದಿತ್ತು. ದಸರಾ ರಜೆಯಲ್ಲಿ ಹಳೇ ಕೊಟ್ಟಿಗೆಯಲ್ಲೇ ಬಿಚ್ಚಿದೆ. ಮಗ ಸಹಾಯ ಮಾಡಲು ಬಂದವನು ಪಿಸ್ಟನ್ನನ್ನು ಕ್ರ್ಯಾಂಕಿಗೆ (ಇಂಜಿನ್ನಿನ ತಿರುಗುವ ದಂಡಕ್ಕೆ) ಜೋಡಿಸುವ ಮೂರೂ ಕನೆಕ್ಟಿಂಗ್ ರಾಡ್‌ಗಳ ಕೆಳಗಿನ ಕ್ಯಾಪ್ ತೆಗೆದು, ಡೀಸೆಲ್‌ನಲ್ಲಿ ತೊಳೆದು, ಒಂದೇ ಬೇಸಿನ್‌ಗೆ ಹಾಕಿಟ್ಟಿದ್ದಾನೆ. ಯಾವುದು ಯಾವ ರಾಡಿನದ್ದು ಗೊತ್ತಾಗುತ್ತಿಲ್ಲ. ಹೇಗೆ ಹಾಕಿದರೂ ಕೂರುತ್ತವೆ. ಹಾಕಿಬಿಡಲಾ ಅಣ್ಣ? (ಬೇಲೂರು)

ಉತ್ತರ: ಹಾಕಬೇಡಿ. ಮಗನಿಗೂ ಬೈಯಬೇಡಿ. ಅವನು ತೊಳೆದಿಟ್ಟಿದ್ದಾನೆ, ನಮ್ಮಲ್ಲಿಗೆ ಬರುವವರು ತೊಳೆದೂ ತರುವುದಿಲ್ಲ.

‘ಹೇಗೆ ಹಾಕಿದರೂ ಕೂರುತ್ತವೆ’ ಅಂದಿರಲ್ಲ, ಮೋಸ ಇರುವುದೇ ಅಲ್ಲಿ. ಕಾರ್ಖಾನೆಯಲ್ಲಿ ರಾಡಿಗೆ ಕ್ಯಾಪ್ ಹಾಕಿ, ಬೋಲ್ಟ್ ಬಿಗಿದು, ಆಮೇಲೆ ಎರಡಕ್ಕೂ ಸೇರಿಸಿ ತೂತನ್ನು ಅಳತೆಗೆ ತರುತ್ತಾರೆ. ತೆಂಗಿನಕಾಯಿ ಒಡೆದ ಹಾಗೆ. ಒಂದೇ ಕಾಯಿಯ ಎರಡು ಹೋಳು ಜೋಡಿಸಿದರೆ ಗೆರೆ ಕೂಡುತ್ತದೆ. ಪಕ್ಕದ ಕಾಯಿಯ ಹೋಳು ತಂದಿಟ್ಟರೆ ದೂರಕ್ಕೆ ಕಾಯಿಯೇ, ಕೈ ಆಡಿಸಿದರೆ ಅಂಚು ತಾಗುತ್ತದೆ. ಇಲ್ಲಿ ಆ ಅಂಚು ಕೂದಲಿಗಿಂತ ಸಣ್ಣದು. ಆದರೆ ಆ ತೂತಿನೊಳಗೆ ಕೂರುವ ಬೇರಿಂಗ್ ಶೆಲ್ಲಿಗೂ ಕ್ರ್ಯಾಂಕಿಗೂ ನಡುವೆ ಆಯಿಲ್ ಓಡಾಡುವ ಜಾಗವೂ ಅಷ್ಟೇ. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಮೂರೋ ನಾಲ್ಕೋ ಪಾಲು. ಅಂಚು ಅದನ್ನು ತಿಂದುಬಿಟ್ಟರೆ ಆಯಿಲ್ ನಿಲ್ಲುವುದಕ್ಕೆ ಜಾಗ ಇರುವುದಿಲ್ಲ, ಶೆಲ್ ಸುಟ್ಟುಹೋಗುತ್ತದೆ.

ಈಗ ಮಾಡಬೇಕಾದ್ದು. ಮೂರು ರಾಡು, ಮೂರು ಕ್ಯಾಪನ್ನು ಬಿಳಿ ಬಟ್ಟೆ ಮೇಲೆ ಹರಡಿ, ಬಿಸಿಲಿಗೆ ತನ್ನಿ. ಪಕ್ಕದ ಮೈ ಮೇಲೆ ಅಂಕಿ ಅಥವಾ ಅಕ್ಷರ ಹೊಡೆದಿದೆಯಾ ನೋಡಿ. ಕಂಡ ಕೂಡಲೇ ಅದು ಸಿಲಿಂಡರ್ ನಂಬರ್ ಅಂದುಕೊಳ್ಳಬೇಡಿ. ಕೆಲವು ಕಂಪನಿಯವರು ತೂತಿನ ಅಳತೆಯ ಗುರುತನ್ನು ಅಲ್ಲಿ ಹೊಡೆದಿರುತ್ತಾರೆ, ಮೂರಕ್ಕೂ ಒಂದೇ ಅಂಕಿ ಇದ್ದರೂ ಇರಬಹುದು. ಆಮೇಲೆ ಶೆಲ್ಲಿನ ನಾಲಿಗೆ ಕೂರುವ ಕಚ್ಚು ನೋಡಿ. ರಾಡಿನ ಕಚ್ಚು, ಕ್ಯಾಪಿನ ಕಚ್ಚು ಒಂದೇ ಕಡೆಗೆ ಬರಬೇಕು. ಇದರಿಂದ ಹಿಂದುಮುಂದು ಆಗುವುದು ತಪ್ಪುತ್ತದೆ. ಇನ್ನು ಯಾವುದಕ್ಕೆ ಯಾವುದು ಅನ್ನುವುದು. ಶೆಲ್ ಇಲ್ಲದೆ ಕ್ಯಾಪ್ ಕೂರಿಸಿ, ಬೋಲ್ಟ್ ಕೈಯಲ್ಲಿ ಬಿಗಿದು, ಒಳಗಿನ ಗೆರೆಯ ಮೇಲೆ ಉಗುರು ಎಳೆಯಿರಿ. ಉಗುರು ‘ಟಕ್’ ಅಂತ ನಿಂತರೆ ಅದು ಜೋಡಿ ಅಲ್ಲ. ಎರಡೂ ಕಡೆಯಿಂದ ಎಳೆದು ನೋಡಿ, ಒಂದು ಕಡೆಯಿಂದ ಜಾರಿದ್ದು ಇನ್ನೊಂದು ಕಡೆಯಿಂದ ತಾಗಬಹುದು.

ಉಗುರು ಒಪ್ಪಿದ ಮೇಲೂ ಹತ್ತಿರದ ಬೋರಿಂಗ್ ಅಂಗಡಿಗೆ ಒಯ್ಯಿರಿ. ಮ್ಯಾನುವಲ್‌ನಲ್ಲಿ ಹೇಳಿದಷ್ಟು ಬಿಗಿದು, ಬೋರ್ ಗೇಜಿನಲ್ಲಿ ಮೂರು ದಿಕ್ಕಿಗೆ ಅಳೆಯಲು ಹೇಳಿ. ಮೂರು ದಿಕ್ಕಿನಲ್ಲೂ ಒಂದೇ ಅಳತೆ ಬಂದರೆ ಗಂಡ ಹೆಂಡತಿ ಸಿಕ್ಕಿದ ಹಾಗೆ. ಮೂರು ರಾಡಿಗೆ ಮೂರು ಕ್ಯಾಪನ್ನು ಜೋಡಿಸಲು ಇರುವುದು ಒಟ್ಟು ಆರೇ ದಾರಿ, ಗಾಬರಿ ಬೇಡ. ಯಾವುದೂ ಕೂಡಲಿಲ್ಲ ಅಂದರೂ ರಾಡ್ ಎಸೆಯಬೇಕಿಲ್ಲ. ಕ್ಯಾಪಿನ ಮುಖ ಒಂದಿಷ್ಟು ತೆಗೆದು, ಮತ್ತೆ ಬಿಗಿದು, ತೂತನ್ನು ಹೊಸದಾಗಿ ಅಳತೆಗೆ ತರುತ್ತಾರೆ.

ಜೋಡಿಸುವಾಗ ಒಂದು ಮಾತು. ಒಂದು ಕ್ಯಾಪ್ ಬಿಗಿದ ಕೂಡಲೇ ಕ್ರ್ಯಾಂಕನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಆಮೇಲೆ ಎರಡನೆಯದು, ಮತ್ತೆ ಒಂದು ಸುತ್ತು. ಪಿಸ್ಟನ್ನಿನ ರಿಂಗು ಬೋರಿಗೆ ಉಜ್ಜುವುದರಿಂದ ಪ್ರತಿ ಸಲ ಸ್ವಲ್ಪ ಭಾರ ಏರುತ್ತದೆ, ಅದು ಸರಿಯೇ. ಇದ್ದಕ್ಕಿದ್ದ ಹಾಗೆ ಹಿಡಿದುಕೊಂಡರೆ ಈಗಷ್ಟೇ ಬಿಗಿದದ್ದೇ ಕಳ್ಳ. ಮೂರನ್ನೂ ಬಿಗಿದು ಆಮೇಲೆ ತಿರುಗಿಸಿದರೆ ಮೂವರಲ್ಲಿ ಯಾರು ಅಂತ ಹೇಗೆ ಹುಡುಕುತ್ತೀರಿ?

ಮುಂದಿನ ಸಲ ಬಿಚ್ಚುವ ಮೊದಲು ಮನೆಯಲ್ಲಿ ಉಗುರುಬಣ್ಣ ಕೇಳಿ ಇಸಿದುಕೊಳ್ಳಿ. ರಾಡಿಗೊಂದು ಚುಕ್ಕಿ, ಕ್ಯಾಪಿಗೊಂದು ಚುಕ್ಕಿ. ಎರಡನೆಯದಕ್ಕೆ ಎರಡೆರಡು. ಡೀಸೆಲ್‌ನಲ್ಲಿ ತೊಳೆದರೆ ಅದು ಸುಲಭಕ್ಕೆ ಹೋಗುವುದಿಲ್ಲ.

ಪ್ರಶ್ನೆ: ಓಮ್ನಿ ಹೆಡ್ (ಸಿಲಿಂಡರುಗಳ ಮೇಲೆ ಕೂರುವ ಭಾಗ). ವಾಲ್ವ್ ಎಲ್ಲ ಅರೆದು ರೆಡಿ ಮಾಡಿದ್ದೆ. ಧೂಳು ಬೀಳದಿರಲಿ ಅಂತ ಸ್ಪಾರ್ಕ್ ಪ್ಲಗ್ ಹಾಕಲು ಹೋದೆ, ಒಂದು ಸೊಟ್ಟ ಹೋಗಿ ಹಿಡಿದುಕೊಂಡಿತು. ಪಾನ (ಸ್ಪ್ಯಾನರ್) ಹಾಕಿ ಅರ್ಧ ಸುತ್ತು ಒತ್ತಿದೆ. ಈಗ ತೆಗೆದಿದ್ದೇನೆ, ಅಲ್ಯೂಮಿನಿಯಂ ಪುಡಿ ಬಂತು. ಹೆಡ್ ಇನ್ನೂ ಮೇಜಿನ ಮೇಲೇ ಇದೆ. ಹೊಸ ಹೆಡ್ ತರಬೇಕಾ ಸಾರ್? (ಚಿಕ್ಕಮಗಳೂರು)

ಉತ್ತರ: ‘ಹೆಡ್ ಇನ್ನೂ ಮೇಜಿನ ಮೇಲೇ ಇದೆ’ ಅನ್ನುವ ಸಾಲು ಓದಿ ನನಗೇ ಸಮಾಧಾನ ಆಯಿತು. ಗಾಡಿ ಮೇಲೆ ಇದ್ದಿದ್ದರೆ ಪುಡಿಯೆಲ್ಲ ಸಿಲಿಂಡರಿಗೆ ಬೀಳುತ್ತಿತ್ತು.

ಸೊಟ್ಟ ಹೋದ ಪ್ಲಗ್ ಕೆಡಿಸುವುದು ಹೊರಗಿನ ಮೊದಲ ಎರಡು ಮೂರು ಥ್ರೆಡ್ ಮಾತ್ರ. ಒಳಗಿನವು ಚೆನ್ನಾಗೇ ಇರುತ್ತವೆ. ಹಾಗಾಗಿ ಹೊರಗಿನಿಂದ ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ) ಬಿಡಬೇಡಿ, ಅದೂ ಅದೇ ಸೊಟ್ಟ ದಾರಿ ಹಿಡಿಯುತ್ತದೆ. ಹೆಡ್ ಮಗುಚಿ ಹಾಕಿ. 14 ಎಂಎಂ, 1.25 ಪಿಚ್‌ನ ಟ್ಯಾಪನ್ನು ಒಳಗಿನಿಂದ, ಅಂದರೆ ವಾಲ್ವ್ ಇರುವ ಕಡೆಯಿಂದ, ಬರಿಗೈಯಲ್ಲಿ ಸುತ್ತಿ. ಒಳ್ಳೇ ಥ್ರೆಡ್ಡೇ ಅದಕ್ಕೆ ದಾರಿ ತೋರಿಸುತ್ತದೆ. ಹೊರಗಿನ ಕೆಟ್ಟ ಜಾಗಕ್ಕೆ ಬಂದಾಗ ಭಾರ ಗೊತ್ತಾಗುತ್ತದೆ. ಆಗ ಕಾಲು ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಎರಡು ಹನಿ ಸೀಮೆಎಣ್ಣೆ ಅಥವಾ ಡೀಸೆಲ್ ಇರಲಿ.

ಪ್ಲಗ್ ಮತ್ತೆ ಹಾಕುವಾಗ ಪಾನ ದೂರ ಇಡಿ. ಒಂದು ಗೇಣು ರಬ್ಬರ್ ಪೈಪು, ಪೆಟ್ರೋಲ್ ಪೈಪಿನ ತುಂಡಾದರೂ ಸಾಕು, ಪ್ಲಗ್ಗಿನ ಬಿಳಿ ಪಿಂಗಾಣಿ ತುದಿಗೆ ಸಿಕ್ಕಿಸಿ. ಆ ಪೈಪನ್ನು ಬೆರಳಲ್ಲಿ ಸುತ್ತಿ. ದಾರಿ ಸರಿ ಇದ್ದರೆ ಪ್ಲಗ್ ತಾನೇ ಇಳಿಯುತ್ತದೆ. ಸೊಟ್ಟ ಹೋದರೆ ಪೈಪು ಜಾರುತ್ತದೆ, ನೀವು ಎಷ್ಟು ಒತ್ತಿದರೂ ಕೆಡಿಸಲು ಆಗುವುದಿಲ್ಲ. ವಾಷರ್ ತಾಗಿದ ಮೇಲೆ ಪಾನ. ಹೊಸ ಪ್ಲಗ್ಗಿಗೆ ಅಲ್ಲಿಂದ ಅರ್ಧ ಸುತ್ತು ಸಾಕು.

ಟ್ಯಾಪ್ ಬಿಟ್ಟ ಮೇಲೂ ಪ್ಲಗ್ ಲೊಡಲೊಡ ಅಂದರೆ ಲೇತ್ ಅಂಗಡಿಯಲ್ಲಿ ಸ್ಟೀಲ್ ಇನ್ಸರ್ಟ್ ಹಾಕಿಕೊಡುತ್ತಾರೆ. ಮೊದಲಿನದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ. ಹೊಸ ಹೆಡ್ ಮಾತು ಬೇಡ.

ಪ್ರಶ್ನೆ: ಎಸ್ಟೇಟಿನ ಹಳೇ ಜೀಪು. ಮೇ ಕೊನೆಯಲ್ಲಿ ಇಂಜಿನ್ ಪೂರ್ತಿ ಬಿಚ್ಚಿ, ಬೋರಿಗೆ ಹೋನಿಂಗ್ (ಕಲ್ಲಿನಿಂದ ಉಜ್ಜಿ ಅಡ್ಡಡ್ಡ ಸಣ್ಣ ಗೀರು ಹಾಕುವುದು) ಮಾಡಿಸಿ ತಂದಿದ್ದೆ. ಅಷ್ಟರಲ್ಲಿ ಮಳೆ ಹಿಡಿಯಿತು, ಆಳುಗಳ ತಾಪತ್ರಯ, ಕೈ ಹಾಕಲಾಗಲಿಲ್ಲ. ಪ್ಲಾಸ್ಟಿಕ್ ಟಾರ್ಪಾಲಿನಲ್ಲಿ ಗಾಳಿಯಾಡದ ಹಾಗೆ ಸುತ್ತಿಟ್ಟಿದ್ದೆ. ಇಪ್ಪತ್ತು ದಿನ ಬಿಟ್ಟು ತೆಗೆದರೆ ನಾಲ್ಕೂ ಬೋರು ಕೆಂಪು. ಇಷ್ಟು ಜೋಪಾನ ಮಾಡಿದರೂ ಹೀಗೇಕೆ? (ಮೂಡಿಗೆರೆ)

ಉತ್ತರ: ಜೋಪಾನ ಜಾಸ್ತಿ ಆಯಿತು ಸ್ವಾಮಿ. ಮೂಡಿಗೆರೆಯ ಜೂನ್ ತಿಂಗಳ ಗಾಳಿಯೇ ಅರ್ಧ ನೀರು. ಅದನ್ನು ಟಾರ್ಪಾಲಿನೊಳಗೆ ಕಟ್ಟಿಹಾಕಿದಿರಿ. ರಾತ್ರಿ ಬ್ಲಾಕ್ ತಣ್ಣಗಾದಾಗ ಒಳಗಿನ ಪಸೆಯೆಲ್ಲ ಕಬ್ಬಿಣದ ಮೇಲೆ ಬೆವರಿನ ಹಾಗೆ ಕೂತಿದೆ. ಹೋನಿಂಗ್ ಮಾಡಿದ ಬೋರಂತೂ ಆಗಷ್ಟೇ ಸಿಪ್ಪೆ ಸುಲಿದ ಹಾಗೆ, ಒಂದೇ ರಾತ್ರಿ ಸಾಕು. ಮಲೆನಾಡಿನಲ್ಲಿ ಬ್ಲಾಕ್ ಮುಚ್ಚಬೇಕಾದರೆ ಮೊದಲು ಬೋರಿಗೆ, ಕ್ರ್ಯಾಂಕಿಗೆ ದಪ್ಪಗೆ ಆಯಿಲ್ ಸವರಿ, ಮೇಲೆ ಹಳೇ ಕಾಟನ್ ಪಂಚೆ ಹೊದಿಸಿ. ಗೋಣಿಚೀಲ ಬೇಡ. ಅದರ ನಾರು ಉದುರಿ ಆಯಿಲ್ ಸೋಸುವ ಸ್ಟ್ರೈನರಿಗೆ ಹೋಗುತ್ತದೆ.

ಈಗ ಆದದ್ದಕ್ಕೆ ಪರಿಹಾರ. ಕೆಂಪು ಎಷ್ಟು ಆಳ ಅನ್ನುವುದೇ ಪ್ರಶ್ನೆ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಹೊಸದೊಂದು ತನ್ನಿ. ಡೀಸೆಲ್ ಅದ್ದಿ, ಬೋರಿನ ಸುತ್ತಳತೆಯ ದಿಕ್ಕಿಗೆ ಉಜ್ಜಿ, ಮೇಲಕ್ಕೂ ಕೆಳಕ್ಕೂ ಬೇಡ. ಹತ್ತು ನಿಮಿಷದಲ್ಲಿ ಕೆಂಪು ಹೋಗಿ ಬೂದು ಬಣ್ಣ ಕಾಣಬೇಕು. ಈಗ ಉಗುರು ಎಳೆಯಿರಿ. (ಬೇಲೂರಿನವರಿಗೂ ಉಗುರನ್ನೇ ಹೇಳಿದೆ. ಅದು ದುಡ್ಡು ಕೊಡದೆ ಸಿಕ್ಕ ಗೇಜು.) ಕಲೆ ಇದ್ದು ಉಗುರಿಗೆ ಏನೂ ತಾಗದಿದ್ದರೆ ಮತ್ತೊಂದು ಸಲ ಹಗುರವಾಗಿ ಹೋನಿಂಗ್ ಸಾಕು. ಉಗುರು ಹಿಡಿಯುವ ಗುಂಡಿ ಇದ್ದರೆ, ಅದು ರಿಂಗು ಓಡಾಡುವ ಜಾಗದಲ್ಲಿದೆಯಾ ನೋಡಿ. ತೀರಾ ಮೇಲಿನ ಅಂಚಿನಲ್ಲೋ, ತೀರಾ ಕೆಳಗೋ, ರಿಂಗು ಮುಟ್ಟದ ಕಡೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನಡುವೆ ಇದ್ದರೆ ಮಾತ್ರ ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಒಂದು ಬೋರಿನ ಗುಂಡಿಗೆ ನಾಲ್ಕನ್ನೂ ಕೊರೆಸಬೇಕಲ್ಲ ಅಂತ ಹೊಟ್ಟೆ ಉರಿಯುತ್ತದೆ, ಗೊತ್ತು.

ಹೋನಿಂಗ್ ಆದ ಮೇಲೆ ಬಹಳ ಜನ ಮಾಡುವ ತಪ್ಪು ಒಂದಿದೆ. ಅನುಭವಸ್ಥರೂ ಮಾಡುತ್ತಾರೆ. ಪೆಟ್ರೋಲ್ ಹಾಕಿ ಒರೆಸಿ, ಫಳಫಳ ಅಂತಿದೆ ಅಂತ ಪಿಸ್ಟನ್ ಇಳಿಸುತ್ತಾರೆ. ಹೋನಿಂಗ್ ಕಲ್ಲಿನ ಪುಡಿ ಆ ಅಡ್ಡಡ್ಡ ಗೀರುಗಳೊಳಗೆ ಕೂತಿರುತ್ತದೆ. ಪೆಟ್ರೋಲ್ ಆಯಿಲನ್ನು ತೊಳೆಯುತ್ತದೆ, ಪುಡಿಯನ್ನು ಅಲ್ಲೇ ಬಿಡುತ್ತದೆ. ಹೊಸ ರಿಂಗು ಅದರ ಮೇಲೆ ಓಡಿದರೆ ಸಾಣೆ ಹಿಡಿದ ಹಾಗೆ. ಇದಕ್ಕೆ ಬೇಕಾದ್ದು ಬಿಸಿನೀರು, ಬಟ್ಟೆ ಒಗೆಯುವ ಸೋಪಿನ ಪುಡಿ, ಒಂದು ಗಟ್ಟಿ ಬ್ರಷ್ಷು. ಸ್ನಾನದ ಹಂಡೆಯ ನೀರು ತನ್ನಿ. ತಿಕ್ಕಿ, ಸುರಿದು, ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಬಟ್ಟೆ ಬೂದು ಆಯಿತೇ, ಮತ್ತೆ ತಿಕ್ಕಿ. ನಾನು ಒಂದು ಬ್ಲಾಕಿಗೆ ಐದು ಸಲ ತಿಕ್ಕಿದ್ದೂ ಇದೆ. ಬಟ್ಟೆ ಬೆಳ್ಳಗೇ ಉಳಿದ ಕ್ಷಣ, ನೀರು ಆರುವ ಮುಂಚೆ, ಆಯಿಲ್ ಸವರಿ. ‘ಕಾಫಿ ಕುಡಿದು ಬರ್ತೀನಿ’ ಅಂದರೆ ಬರುವಷ್ಟರಲ್ಲಿ ಮತ್ತೆ ಕೆಂಪು.

ಕ್ರ್ಯಾಂಕ್ ಕೂಡ ಅದೇ ಟಾರ್ಪಾಲಿನಲ್ಲಿ ಇತ್ತಾ? ಬರೆದಿಲ್ಲ. ಇದ್ದರೆ ಬೋರಿಗಿಂತ ಮೊದಲು ಅದನ್ನು ನೋಡಿ. ಜರ್ನಲ್ (ಬೇರಿಂಗ್ ಕೂರುವ ನುಣುಪು ಭಾಗ) ಮೇಲೆ ಉಗುರಿಗೆ ತಾಗುವ ಗುಂಡಿ ಒಂದೇ ಒಂದು ಇದ್ದರೂ ಬಿಡುವ ಹಾಗಿಲ್ಲ, ಗ್ರೈಂಡಿಂಗ್ ಆಗಲೇಬೇಕು.

ಪ್ರಶ್ನೆ: ನೀವು ಹುಡುಗರಿಗೆಲ್ಲ ಮನೆಯಲ್ಲಿ ಇಂಜಿನ್ ಬಿಚ್ಚಲು ಹೇಳಿಕೊಡುತ್ತಿದ್ದೀರಿ. ನಾವು ಗ್ಯಾರೇಜ್ ಇಟ್ಟಿರುವುದು ಯಾಕೆ? (ಅರಸೀಕೆರೆ)

ಉತ್ತರ: ಅವರು ಬಿಚ್ಚಿದ ಅರ್ಧ ಇಂಜಿನ್ ನಿಮ್ಮಲ್ಲಿಗೇ ಬರುತ್ತದೆ, ಹೆದರಬೇಡಿ. ತಮಾಷೆ ಬಿಡಿ. ಮಾರುತಿ 800 ಬರುವುದು ನಿಂತದ್ದೂ 2014ರಲ್ಲಿ, ಅಂಬಾಸಿಡರ್ ನಿಂತದ್ದೂ ಅದೇ ವರ್ಷ. ಇಂಥ ಗಾಡಿಗೆ ಕೈ ಕೊಳೆ ಮಾಡಿಕೊಳ್ಳುವ ಮೆಕ್ಯಾನಿಕ್ ಹುಡುಗರು ಎಷ್ಟು ಜನ ಉಳಿದಿದ್ದಾರೆ, ನೀವೇ ಹೇಳಿ. ಯಾರಾದರೂ ಕಲಿಯಲಿ.

ಪ್ರಶ್ನೆ: ಎಲ್ಲ ಜೋಡಿಸಿ ಮುಗಿಸಿದೆ. ತಟ್ಟೆಯಲ್ಲಿ ಒಂದು ಬೋಲ್ಟು, ಒಂದು ವಾಷರ್ ಮಿಕ್ಕಿದೆ. ಅಣ್ಣನ ಮಗ ‘ಕಂಪನಿಯವರು ಎಕ್ಸ್‌ಟ್ರಾ ಕೊಟ್ಟಿರ್ತಾರೆ ಬಿಡು ಚಿಕ್ಕಪ್ಪ’ ಅಂತಾನೆ. ಸ್ಟಾರ್ಟ್ ಮಾಡಲಾ, ಮತ್ತೆ ಬಿಚ್ಚಲಾ? (ಸಕಲೇಶಪುರ)

ಉತ್ತರ: ಎರಡೂ ಬೇಡ. ಒಂದು ಚೊಂಬು ನೀರು ಕುಡಿದು ಆ ಬೋಲ್ಟನ್ನು ಕೈಯಲ್ಲಿ ಹಿಡಿದು ಕೂತುಕೊಳ್ಳಿ. ಅದೇ ಹೇಳುತ್ತದೆ ತಾನು ಎಲ್ಲಿಯವನು ಅಂತ.

ತಲೆ ನೋಡಿ. ತುಕ್ಕಿನ ಗುಂಡಿ, ಮಣ್ಣು ಕಚ್ಚಿದ ಗುರುತು ಇದ್ದರೆ ಅದು ಹೊರಗಿನದ್ದು. ಡೈನಮೋ ಬ್ರಾಕೆಟ್, ಟೈಮಿಂಗ್ ಕವರ್, ಗೇರ್‌ಬಾಕ್ಸ್ ಕೆಳಗಿನ ತಗಡು, ಇಂಥ ಕಡೆ ಹುಡುಕಿ. ತುಕ್ಕೇ ಇಲ್ಲದೆ, ಜೇನುತುಪ್ಪದ ಬಣ್ಣದ ಕಲೆ ಹಿಡಿದಿದ್ದರೆ ಅದು ವರ್ಷಗಟ್ಟಲೆ ಬಿಸಿ ಆಯಿಲ್‌ನಲ್ಲಿ ಇದ್ದದ್ದು. ಅಂದರೆ ಒಳಗಿನದ್ದು. ಹಾಗಿದ್ದರೆ ಕೀಲಿ ಕೈ ನಿಮ್ಮ ಅಣ್ಣನ ಮಗನಿಗೆ ಸಿಗದ ಹಾಗೆ ಇಡಿ. ಸಂಪ್ (ಇಂಜಿನ್ ಕೆಳಗಿನ ಆಯಿಲ್ ತಟ್ಟೆ) ಇಳಿಸಿ, ಟ್ಯಾಪೆಟ್ ಕವರ್ (ಹೆಡ್ ಮೇಲಿನ ಮುಚ್ಚಳ) ತೆಗೆದು ನೋಡುವವರೆಗೆ ಸೆಲ್ಫ್ ಹೊಡೆಯಬಾರದು. ಉದ್ದವನ್ನೂ ಅಳೆಯಿರಿ. ಒಂದೇ ಕವರಿಗೆ ಉದ್ದದ್ದು, ಗಿಡ್ಡದ್ದು ಎರಡೂ ಇರುತ್ತವೆ. ಗಿಡ್ಡದರ ಜಾಗಕ್ಕೆ ಉದ್ದದ್ದು ಹಾಕಿದ್ದರೆ ತಲೆ ಕೂರದೆ ಕೂದಲೆಳೆ ಸಂದು ಬಿಟ್ಟಿರುತ್ತದೆ. ಅದನ್ನು ಬಿಗಿಯಲು ಹೋಗಿ ಬ್ಲಾಕ್ ಒಡೆದವರನ್ನು ನೋಡಿದ್ದೇನೆ.

ನಿಮಗೆ ಮಿಕ್ಕಿದೆ. ನನಗೆ ಕೇಳಿದರೆ ಮಿಕ್ಕಿದ್ದಕ್ಕಿಂತ ಕಾಣೆಯಾದದ್ದಕ್ಕೆ ಹೆದರಬೇಕು. ನಾನು 19ರ ಹುಡುಗ, ಲೇತ್ ಹಾಕುವ ಮುಂಚೆ ಒಂದು ಗ್ಯಾರೇಜಿನಲ್ಲಿ ಹೆಲ್ಪರ್. ಒಂದು ಜೀಪಿನ ಇಂಜಿನ್ನಿಗೆ ಗಾಳಿ ಹೋಗುವ ಇನ್ಲೆಟ್ ತೂತಿಗೆ ಕಸ ಬೀಳದಿರಲಿ ಅಂತ ಕೆಂಪು ಚೌಕಳಿ ಟವೆಲ್ ತುಂಡು ತುರುಕಿದ್ದೆ. ಒಳ್ಳೇ ಬುದ್ಧಿಯೇ. ಆಮೇಲೆ ಊಟಕ್ಕೆ ಹೋಗಿ ಬಂದು, ಅದರ ಮೇಲೆ ಕೂರುವ ಮ್ಯಾನಿಫೋಲ್ಡ್ ಪೈಪು ಹಾಕಿ ಬಿಗಿದುಬಿಟ್ಟೆ. ಗಾಡಿ ಸ್ಟಾರ್ಟ್ ಆಯಿತು, ಎಳೆಯಲಿಲ್ಲ. ರಾತ್ರಿ ಮಲಗಿದಾಗ ಟವೆಲ್ ನೆನಪಾಯಿತು. ಬೆಳಿಗ್ಗೆ ಹೇಳಬಹುದಿತ್ತು. ಬೈಗುಳಕ್ಕೆ ಹೆದರಿ ಬಾಯಿ ಬಿಡಲಿಲ್ಲ. ಮೂರು ದಿನ ಕಾರ್ಬೊರೇಟರ್ ಬಿಚ್ಚಿ ಹಾಕಿದೆ, ಪಾಯಿಂಟ್ ಬದಲಾಯಿಸಿದೆ, ಪೆಟ್ರೋಲ್ ಸರಿ ಇಲ್ಲ ಅಂದೆ. ನಾಲ್ಕನೇ ದಿನ ಉಸ್ತಾದರು ಏನೂ ಮಾತಾಡದೆ ಮ್ಯಾನಿಫೋಲ್ಡ್ ತೆಗೆದು, ಇಕ್ಕಳದಲ್ಲಿ ಆ ಟವೆಲನ್ನು ನಿಧಾನಕ್ಕೆ ಎಳೆದರು. ಜಾದೂಗಾರ ಟೋಪಿಯಿಂದ ಎಳೆಯುವ ಹಾಗೆ ಬಂತು. ಹೊರಗೆ ನಿಂತಿದ್ದ ಗಿರಾಕಿಯೂ ನೋಡಿದರು. ಉಸ್ತಾದರು ಅದನ್ನು ಹಿಂಡಿ, ಮಡಚಿ, ನನ್ನ ಹೆಗಲ ಮೇಲೆ ಹಾಕಿದರು. ಅಷ್ಟೇ.

ಅವತ್ತಿಂದ ತೂತಿಗೆ ತುರುಕುವ ಬಟ್ಟೆಗೆ ಒಂದು ಮೊಳ ದಾರ ಕಟ್ಟಿ ಹೊರಗೆ ಬಿಡುತ್ತೇನೆ. ಎಷ್ಟು ಬಟ್ಟೆ ಒಳಗೆ ಹೋಯಿತು ಅಂತ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತೇನೆ. ನಿಮ್ಮಲ್ಲಿ ವಾಷರ್ ಕೂಡ ಮಿಕ್ಕಿದೆ ಅಂದಿರಿ. ಅದಕ್ಕೊಂದು ಜೊತೆಗಾರ ಇತ್ತಾ ಅಂತ ನೆನಪು ಮಾಡಿಕೊಳ್ಳಿ. ಪ್ಲಗ್ಗಿನ ತೂತಿನಲ್ಲಿ ಏನಾದರೂ ಬಿದ್ದಿರಬಹುದು ಅಂತ ಒಂದು ಚೂರು ಅನುಮಾನ ಬಂದರೂ ಪಿಸ್ಟನ್ನನ್ನು ಕೈಯಲ್ಲಿ ನಿಧಾನಕ್ಕೆ ಮೇಲೆ ತಂದು, ಟಾರ್ಚ್ ಬಿಟ್ಟು ನೋಡಿ. ತಿರುಗಿಸುವಾಗ ಎಲ್ಲಾದರೂ ತಡೆದರೆ ಅಲ್ಲೇ ನಿಲ್ಲಿಸಿ. ಕಬ್ಬಿಣವಾದರೆ ಆಯಸ್ಕಾಂತದ ಕಡ್ಡಿಗೆ ಬರುತ್ತದೆ. ತಾಮ್ರದ ವಾಷರ್ ಬರುವುದಿಲ್ಲ, ಅದಕ್ಕೆ ಒಂದು ತಂತಿಯ ತುದಿಗೆ ಗಟ್ಟಿ ಗ್ರೀಸ್ ಮೆತ್ತಿ ಅಂಟಿಸಿ ತೆಗೆಯಬೇಕು. ತಾಳ್ಮೆಯ ಕೆಲಸ, ಮೀನು ಹಿಡಿದ ಹಾಗೆ.

ಪ್ರಶ್ನೆ: ತಾತನ ಅಂಬಾಸಿಡರ್. ಇಂಜಿನ್ ಮಾಡಿ ಕೂರಿಸಿದ್ದೇವೆ. ಸೆಲ್ಫ್ ಹೊಡೆದರೆ ಕಾರ್ಬೊರೇಟರಿನಲ್ಲಿ ‘ಫಟ್’ ಅಂತ ಕೆಮ್ಮುತ್ತದೆ, ಸೈಲೆನ್ಸರಿನಲ್ಲಿ ಢಮಾರ್ ಅನ್ನುತ್ತದೆ, ಹತ್ತುವುದಿಲ್ಲ. ಟೈಮಿಂಗ್ ಚೈನ್ ಗುರುತು ನೋಡಿಯೇ ಹಾಕಿದ್ದೆ. ಮತ್ತೆ ಹೆಡ್ ತೆಗೆಯಬೇಕಾ ಅಂಕಲ್? (ಹೊಳೆನರಸೀಪುರ, ಇಂಜಿನಿಯರಿಂಗ್ ಓದುವ ಹುಡುಗಿ)

ಉತ್ತರ: ಹಾಸನಾಂಬೆ ಬಾಗಿಲನ್ನೇ ವರ್ಷಕ್ಕೊಂದು ಸಲ ತೆಗೆಯುವುದಮ್ಮ. ನೀನು ತಿಂಗಳಿಗೆ ಎರಡು ಸಲ ಹೆಡ್ ತೆಗೆಯುವ ಮಾತಾಡುತ್ತಿದ್ದೀಯ!

ರೇಡಿಯೇಟರ್ ಕಡೆಯ ಮೊದಲ ಪ್ಲಗ್ ಬಿಚ್ಚಿ, ತೂತಿಗೆ ಹೆಬ್ಬೆರಳು ಒತ್ತಿ ಹಿಡಿ. ತಾತನಿಗೆ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಲು ಹೇಳು. ಬೆರಳನ್ನು ಗಾಳಿ ತಳ್ಳುತ್ತಾ, ಪಿಸ್ಟನ್ ಮೇಲೆ ಬಂದಾಗ ನಿಲ್ಲಿಸಿ. ಈಗ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗೆ ತಿರುಗುವ ರೋಟರ್ ಎತ್ತ ನೋಡುತ್ತಿದೆ ನೋಡು. ಒಂದನೇ ವೈರಿನ ಕಡೆ ನೋಡಬೇಕು. ನಾಲ್ಕನೇ ವೈರಿನ ಕಡೆ ನೋಡುತ್ತಿದ್ದರೆ ಡಿಸ್ಟ್ರಿಬ್ಯೂಟರಿನ ಡ್ರೈವ್ ಅರ್ಧ ಸುತ್ತು ತಿರುಗಿ ಕೂತಿದೆ ಅಂತ ಅರ್ಥ. ಒಂದು ಮತ್ತು ನಾಲ್ಕು ಒಟ್ಟಿಗೇ ಮೇಲೆ ಬರುವ ಪಿಸ್ಟನ್‌ಗಳು. ಅದಕ್ಕೇ ಇದು ಬಹಳ ಜನಕ್ಕೆ ಆಗುತ್ತದೆ. ಏನನ್ನೂ ಬಿಚ್ಚಬೇಡ. ಮುಚ್ಚಳದ ಮೇಲೆ ಒಂದನೇ ವೈರನ್ನು ನಾಲ್ಕಕ್ಕೆ, ನಾಲ್ಕನ್ನು ಒಂದಕ್ಕೆ, ಎರಡನ್ನು ಮೂರಕ್ಕೆ, ಮೂರನ್ನು ಎರಡಕ್ಕೆ ಹಾಕು. ಕಿಡಿ ಹಾರುವ 1-3-4-2 ಸರದಿ ಕೆಡುವುದಿಲ್ಲ, ಶುರುವಾಗುವ ಜಾಗ ಮಾತ್ರ ಬದಲಾಗುತ್ತದೆ. ಹತ್ತಿದ ಮೇಲೆ ಮುಚ್ಚಳದೊಳಗೆ ಒಂದು ಚೀಟಿ ಅಂಟಿಸಿಡು, ಇಲ್ಲದಿದ್ದರೆ ಮುಂದೆ ಇನ್ಯಾರೋ ‘ವೈರ್ ತಪ್ಪಿದೆ’ ಅಂತ ಸರಿ ಮಾಡಿಬಿಡುತ್ತಾರೆ.

ಪ್ರಶ್ನೆ: ಮಾರುತಿ 800 ಇಂಜಿನ್ ಮನೆಯಲ್ಲೇ ಮಾಡಿದೆ. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಒಂದೇ ಸೆಲ್ಫಿಗೆ ಹತ್ತಿತು. ಆದರೆ ಆಯಿಲ್ ಲೈಟ್ ಆರಲಿಲ್ಲ. ಏಳೆಂಟು ಸೆಕೆಂಡಿಗೆ ಆಫ್ ಮಾಡಿದೆ. ಆಮೇಲೆ ಮುಟ್ಟಿಲ್ಲ. ಒಳಗೆ ಏನಾದರೂ ಹೋಗಿಬಿಟ್ಟಿರುತ್ತಾ? (ಕಡೂರು)

ಉತ್ತರ: ಜೋಡಿಸುವಾಗ ಶೆಲ್ಲಿಗೆಲ್ಲ ಆಯಿಲ್ ಸವರಿದ್ದರೆ ಏಳೆಂಟು ಸೆಕೆಂಡಿಗೆ ಏನೂ ಆಗಿರುವುದಿಲ್ಲ. ‘ಸ್ವಲ್ಪ ರೇಸ್ ಕೊಟ್ಟರೆ ಆರುತ್ತೆ’ ಅಂತ ಒತ್ತಿದ್ದರೆ ಈ ಕಾಗದ ಬೇರೆ ಥರ ಇರುತ್ತಿತ್ತು.

ಹೊಸದಾಗಿ ಜೋಡಿಸಿದ ಪಂಪು ಒಣಗಿರುತ್ತದೆ. ಒಣ ಪಂಪು ಆಯಿಲ್ ಎಳೆಯುವುದಿಲ್ಲ. ನಮ್ಮ ತೆರೆದ ಬಾವಿಯ ದಡದ ಪಂಪಿಗೆ ಮೊದಲು ಒಂದು ಕೊಡ ನೀರು ಹಾಕುತ್ತಿದ್ದೆವಲ್ಲ, ಹಾಗೆ. ಮೊದಲು ಡಿಪ್‌ಸ್ಟಿಕ್ ನೋಡಿ. ನಗಬೇಡಿ, ಆಯಿಲ್ ಹಾಕುವುದನ್ನೇ ಮರೆತು ಬಂದವರಿದ್ದಾರೆ. ಆಯಿಲ್ ಫಿಲ್ಟರ್ ಬಿಚ್ಚಿ, ಅದಕ್ಕೆ ಆಯಿಲ್ ತುಂಬಿ ಮತ್ತೆ ಹಾಕಿ. ಆಯಿಲ್ ಪ್ರೆಷರ್ ಸ್ವಿಚ್ ಬಿಚ್ಚಿ, ಆ ತೂತಿನಿಂದ ಆಯಿಲ್ ಕ್ಯಾನಿನಲ್ಲಿ ಹಿಡಿಸುವಷ್ಟು ಹಿಡಿಸಿ. ಮೂರೂ ಪ್ಲಗ್ ತೆಗೆಯಿರಿ. ಡಿಸ್ಟ್ರಿಬ್ಯೂಟರಿನ ನಡುವಿನ ವೈರ್ ಕಿತ್ತು ಗಾಡಿಯ ಕಬ್ಬಿಣದ ಮೈಗೆ ತಾಗುವ ಹಾಗೆ ಕಟ್ಟಿ. ಇದನ್ನು ಮರೆಯಬೇಡಿ, ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಬರುತ್ತಿರುವಾಗ ಕಿಡಿ ಹಾರಿದರೆ ಬೆಂಕಿ. ಈಗ ಹತ್ತು ಸೆಕೆಂಡ್ ಸೆಲ್ಫ್, ಅರ್ಧ ನಿಮಿಷ ಬಿಡುವು. ಪ್ಲಗ್ ಇಲ್ಲದ್ದರಿಂದ ಬೇರಿಂಗಿಗೆ ಭಾರ ಇರುವುದಿಲ್ಲ, ಹಗುರಾಗಿ ತಿರುಗುತ್ತದೆ. ಸ್ವಿಚ್ಚಿನ ತೂತಿನಿಂದ ಆಯಿಲ್ ಚಿಮ್ಮಿದರೆ ಪಂಪು ಹಿಡಿಯಿತು. ಕೆಳಗೆ ಒಂದು ಹಳೇ ಬಟ್ಟೆ ಹಿಡಿದಿರಿ, ಅಂಗಿ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ. ಸ್ವಿಚ್ ಹಾಕಿ, ಇನ್ನೊಂದೆರಡು ಸಲ ಸೆಲ್ಫ್ ಹೊಡೆದು ಲೈಟ್ ಆರುವುದನ್ನು ಕಣ್ಣಾರೆ ನೋಡಿ.

ನಾಲ್ಕೈದು ಸಲ ಮಾಡಿದರೂ ಆಯಿಲ್ ಬರಲಿಲ್ಲ ಅಂದರೆ ಬ್ಯಾಟರಿ ಸುಮ್ನೆ ಹಾಳು ಮಾಡಬೇಡಿ. ಸಂಪ್ ಇಳಿಸಿ. ಎರಡು ಜಾಗ ನೋಡಿ. ಸ್ಟ್ರೈನರ್ ಪೈಪು ಪಂಪಿಗೆ ಸೇರುವ ಕಡೆ ಒಂದು ಸಣ್ಣ ರಬ್ಬರ್ ರಿಂಗ್ ಇರುತ್ತದೆ. ಅದು ಹರಿದಿದ್ದರೆ, ಇಲ್ಲವೇ ಹಾಕುವುದೇ ಮರೆತಿದ್ದರೆ ಪಂಪು ಆಯಿಲ್ ಬಿಟ್ಟು ಗಾಳಿ ಎಳೆಯುತ್ತದೆ. ಇನ್ನೊಂದು, ಸ್ಟ್ರೈನರಿನ ಜಾಲರಿ. ಸಂಪ್ ಪ್ಯಾಕಿಂಗಿಗೆ ಸಿಲಿಕಾನ್ ಎಷ್ಟು ಹಾಕಿದ್ದೀರಿ? ಹೊರಗೆ ಎಷ್ಟು ಉಬ್ಬಿ ಬಂದಿದೆಯೋ ಒಳಗೂ ಅಷ್ಟೇ ಉಬ್ಬಿರುತ್ತದೆ. ಆ ಎಳೆ ಕಿತ್ತು ಜಾಲರಿಗೆ ಅಂಟಿಕೊಳ್ಳುತ್ತದೆ. ಶ್ಯಾವಿಗೆ ಎಳೆಯಷ್ಟು ದಪ್ಪ ಸಾಕು, ಜನ ಚಕ್ಕುಲಿ ಒತ್ತಿದ ಹಾಗೆ ಒತ್ತುತ್ತಾರೆ.

ಲೈಟ್ ಆರಿದ ಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ವೈರಿನ ಸರದಿ 1-3-2. ಬೀರೂರಿನವರೆಗೆ ಹೋಗಿ, ಬಾನೆಟ್ ಎತ್ತಿ, ಎಲ್ಲಾದರೂ ಸೋರಿದೆಯಾ ನೋಡಿಕೊಂಡು ವಾಪಸ್ ಬನ್ನಿ. ಮುಳ್ಳಯ್ಯನಗಿರಿ ಹತ್ತಿಸುವ ಆಸೆ ಇದ್ದರೆ ಮುಂದಿನ ತಿಂಗಳಿಗಿರಲಿ. ಹೋಗುವಾಗ ಡಿಕ್ಕಿಯಲ್ಲಿ ಒಂದು ಲೀಟರ್ ಆಯಿಲ್ ಇಟ್ಟುಕೊಂಡಿರಿ.